ಐಸಿಯುಗೆ ಕಂಪ್ಯೂಟರ್ ಬರಲಿ, ಜೊತೆಗೆ ಫಾರ್ಮಸಿಸ್ಟರೂ ಬರಲಿ

ಮಾನ್ಯ ಸಂಪಾದಕರೇ,

ವೈದ್ಯರು ಬರೆಯುವ ಔಷಧ ಚೀಟಿ ಓದಲು ಬರುವಂತಿರಬೇಕು, ಅದು ರೋಗಿಯ ಆರೋಗ್ಯದ ಹಕ್ಕಿನ ಭಾಗವೇ ಆಗಿದೆ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು. ಔಷಧಗಳ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತ್ತು. ಇವುಗಳ ಬೆನ್ನಿಗೇ, ಕೈಬರಹವನ್ನು ಬಿಟ್ಟು ಕಂಪ್ಯೂಟರಿನಲ್ಲೇ ಔಷಧ ನಮೂದಿಸುವ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಿಗೂ ಬರಬೇಕೆಂಬ ಮಾತು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೂ ಕೇಳಿಬರುತ್ತಿದೆ. ಬಹುಕಾಲ ತೀವ್ರ ನಿಗಾ ಘಟಕಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾಗಿರುವ ನಾನು ಈ ಬದಲಾವಣೆಯನ್ನು ಮನಸಾರೆ ಬಯಸುವವಳು. ಆದರೆ ಕಂಪ್ಯೂಟರನ್ನು ತಂದಿಟ್ಟ ಕೂಡಲೇ ಐಸಿಯುವಿನ ಔಷಧ ತಪ್ಪುಗಳು ನಿಂತುಬಿಡುತ್ತವೆ ಎಂಬ ನಂಬಿಕೆ ಅಪಾಯಕಾರಿ ಎಂದು ನನಗೆ ಅನಿಸುತ್ತದೆ. ಯಂತ್ರದ ಜೊತೆಯಲ್ಲೇ ಐಸಿಯುವಿಗೆಂದೇ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟರನ್ನು, ಅಂದರೆ ವೈದ್ಯರ ಜೊತೆ ನಿಂತು ರೋಗಿಯ ಔಷಧಗಳನ್ನು ಪರಿಶೀಲಿಸುವ ತಜ್ಞರನ್ನು, ನೇಮಿಸಬೇಕು, ಹಾಗೂ ಆ ಯಂತ್ರದೊಳಗಿನ ಔಷಧ ಪಟ್ಟಿಯನ್ನು ಮಲೆನಾಡಿನ ರೋಗಗಳನ್ನು ಬಲ್ಲವರೇ ಕೂತು ಸಿದ್ಧಪಡಿಸಬೇಕು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ಹೊರರೋಗಿ ವಿಭಾಗದ ಚೀಟಿಯೇ ಬೇರೆ, ಐಸಿಯುವಿನ ಔಷಧ ಚಾರ್ಟೇ ಬೇರೆ. ಜ್ವರಕ್ಕೆಂದು ಬಂದವರ ಚೀಟಿಯಲ್ಲಿ ಮೂರೋ ನಾಲ್ಕೋ ಮಾತ್ರೆಗಳಿರುತ್ತವೆ. ಅಕ್ಷರ ತಿಳಿಯದಿದ್ದರೆ ಮೆಡಿಕಲ್ ಶಾಪಿನವರು ವೈದ್ಯರಿಗೆ ಫೋನ್ ಮಾಡಿ ಕೇಳುತ್ತಾರೆ, ರೋಗಿಯೇ 'ಈ ಮಾತ್ರೆ ನನಗೆ ಆಗಿಬರುವುದಿಲ್ಲ' ಎಂದು ಹೇಳುವ ಅವಕಾಶವೂ ಇರುತ್ತದೆ. ಐಸಿಯುವಿನಲ್ಲಿ ಮಲಗಿದವರಿಗೆ ಮಾತಾಡುವ ಸ್ಥಿತಿಯೇ ಇರುವುದಿಲ್ಲ. ಒಬ್ಬರಿಗೇ ಹತ್ತಾರು ಔಷಧಗಳು ನಡೆಯುತ್ತಿರುತ್ತವೆ, ಬಹುಪಾಲು ನೇರವಾಗಿ ರಕ್ತನಾಳಕ್ಕೇ ಹೋಗುತ್ತವೆ, ಮೂತ್ರಪಿಂಡದ ಕೆಲಸ ಕುಗ್ಗಿದಂತೆಲ್ಲ ಬೆಳಿಗ್ಗೆ ಸರಿಯಿದ್ದ ಪ್ರಮಾಣವೇ ಸಂಜೆಗೆ ಮಿತಿಮೀರಿದ್ದಾಗಿರುತ್ತದೆ. ಜೆರುಸಲೇಮಿನ ಐಸಿಯು ಒಂದರಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಬ್ಬ ರೋಗಿಗೆ ದಿನವೊಂದಕ್ಕೆ ಸರಾಸರಿ 178 ಕೆಲಸಗಳು ನಡೆಯುತ್ತವೆ, ಅವುಗಳಲ್ಲಿ ಸರಾಸರಿ 1.7 ತಪ್ಪುಗಳಾಗುತ್ತವೆ. ಶೇಕಡಾ ಲೆಕ್ಕದಲ್ಲಿ ಇದು ತೀರಾ ಕಡಿಮೆ, ರೋಗಿಯ ಲೆಕ್ಕದಲ್ಲಿ ದಿನಕ್ಕೊಂದಕ್ಕಿಂತ ಹೆಚ್ಚು. 27 ದೇಶಗಳ 113 ಐಸಿಯುಗಳಲ್ಲಿ ಒಂದೇ ದಿನ ನಡೆಸಿ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, 1,328 ರೋಗಿಗಳ ಪೈಕಿ 441 ಮಂದಿಯ ವಿಷಯದಲ್ಲಿ ಇಂಜೆಕ್ಷನ್ ಅಥವಾ ಡ್ರಿಪ್ ಔಷಧದಲ್ಲಿ ಒಂದಲ್ಲ ಒಂದು ತಪ್ಪಾಗಿತ್ತು. ಹೆಚ್ಚಿನವು ಹೊತ್ತಿಗೆ ಸರಿಯಾಗಿ ಕೊಡದ ಅಥವಾ ಕೊಡುವುದನ್ನೇ ಮರೆತ ತಪ್ಪುಗಳಾಗಿದ್ದವು. ಹಾಗಿದ್ದೂ 12 ಮಂದಿ ಪ್ರಾಣವನ್ನು ಕಳೆದುಕೊಂಡರು ಅಥವಾ ಶಾಶ್ವತ ಹಾನಿಗೆ ಗುರಿಯಾದರು. ಅವು ಸಾಕಷ್ಟು ಸಿಬ್ಬಂದಿಯಿಲ್ಲದ ಹಳ್ಳಿ ಆಸ್ಪತ್ರೆಗಳೇನೂ ಆಗಿರಲಿಲ್ಲ.

ಕೈಬರಹದ ಚಾರ್ಟ್ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮಂಚದ ಕಾಲುಗಡೆ ಕ್ಲಿಪ್ ಬೋರ್ಡಿಗೆ ಸಿಕ್ಕಿಸಿದ ಆ ಅಗಲವಾದ ಹಾಳೆಯನ್ನು ದಿನಕ್ಕೆ ಎಷ್ಟೋ ಕೈಗಳು ಮುಟ್ಟುತ್ತವೆ. ಅದರ ಮೇಲೆ ಬೆಟಡಿನ್ ಕಲೆ ಬೀಳುತ್ತದೆ, ಮಡಿಕೆಯ ಗೆರೆಯಲ್ಲಿ ಶಾಯಿ ಅಳಿಸುತ್ತದೆ. ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರು ಸೊನ್ನೆ ಹಾಕದೆ ಬರೀ ಬಿಂದುವಿಟ್ಟು ಅರ್ಧ ಮಿಲಿಗ್ರಾಂ ಎಂದು ಬರೆದದ್ದು, ಆ ಬಿಂದು ಮಡಿಕೆಯಲ್ಲಿ ಮರೆಯಾದರೆ ಬೆಳಗಿನ ಪಾಳಿಯವರ ಕಣ್ಣಿಗೆ ಐದು ಮಿಲಿಗ್ರಾಂ ಆಗಿ ಕಾಣುತ್ತದೆ. ಇನ್ಸುಲಿನ್‌ನ ಅಂಕಿಯ ಮುಂದೆ ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ 'ಯು' ಅಕ್ಷರವನ್ನಷ್ಟೇ ಗೀಚಿದರೆ ಅದು ಸೊನ್ನೆಯಂತೆ ಕಂಡು ಹತ್ತು ಯೂನಿಟ್ ನೂರಾಗುತ್ತದೆ. ರಕ್ತದೊತ್ತಡ ಏರಿಸಲು ಸಿರಿಂಜ್ ಪಂಪಿನಲ್ಲಿ ಹಾಕುವ ನಾರ್‌ಅಡ್ರಿನಲಿನ್‌ನ ಲೆಕ್ಕ ಪ್ರತಿ ಕಿಲೋ ತೂಕಕ್ಕೆ, ಪ್ರತಿ ನಿಮಿಷಕ್ಕೆ, ಮೈಕ್ರೋಗ್ರಾಂಗಳಲ್ಲಿ ನಡೆಯುತ್ತದೆ. ಮೈಕ್ರೋಗ್ರಾಂ ಮಿಲಿಗ್ರಾಂ ಆದರೆ ಪ್ರಮಾಣ ಸಾವಿರ ಪಟ್ಟು ಹೆಚ್ಚುತ್ತದೆ. ಚಾರ್ಟ್ ತುಂಬಿ ಹೊಸ ಹಾಳೆಗೆ ನಕಲು ಮಾಡುವ ಹೊತ್ತಿನಲ್ಲಿ ಒಂದು ಔಷಧ ಸದ್ದಿಲ್ಲದೆ ಬಿಟ್ಟುಹೋಗುವುದು, ನಿಲ್ಲಿಸಿದ ಔಷಧ ಮತ್ತೆ ಸೇರಿಕೊಳ್ಳುವುದು, ಇವೆಲ್ಲ ಐಸಿಯುವಿನಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿಗಳು. ಕಂಪ್ಯೂಟರ್ ಇವನ್ನು ಬಹುಮಟ್ಟಿಗೆ ತಡೆಯುತ್ತದೆ, ಆ ವಿಷಯದಲ್ಲಿ ಸಂದೇಹವೇ ಬೇಡ. ಬಾಸ್ಟನ್ ನಗರದ ಬ್ರಿಗಂ ಆಸ್ಪತ್ರೆಯಲ್ಲಿ ವೈದ್ಯರೇ ಔಷಧ ಆದೇಶಗಳನ್ನು ಕಂಪ್ಯೂಟರಿನಲ್ಲಿ ನಮೂದಿಸತೊಡಗಿದ ಮೇಲೆ ಗಂಭೀರ ಸ್ವರೂಪದ ಔಷಧ ತಪ್ಪುಗಳು ಶೇ 55ರಷ್ಟು ಇಳಿದವು ಎಂದು 1998ರಲ್ಲೇ ವರದಿಯಾಗಿದೆ.

ಇನ್ನು ನಮ್ಮ ವಿಷಯಕ್ಕೆ ತೀರಾ ಹತ್ತಿರವಾದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಐಸಿಯುವಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ಕೈಬರಹದ ಕಾಲದಲ್ಲಿ ನೂರು ಆದೇಶಗಳಲ್ಲಿ 6.7ರಷ್ಟು ತಪ್ಪುಗಳಿದ್ದದ್ದು ಕಂಪ್ಯೂಟರ್ ಬಂದ ಮೇಲೆ 4.8ಕ್ಕೆ ಇಳಿಯಿತು, ದಿನಗಳೆದಂತೆ ಮತ್ತಷ್ಟು ಇಳಿಯುತ್ತಲೂ ಹೋಯಿತು. ಇಷ್ಟನ್ನು ಮಾತ್ರ ಓದಿ ಪುಸ್ತಕ ಮುಚ್ಚಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ಕಂಪ್ಯೂಟರ್ ಬಂದ ನಂತರದ ತಪ್ಪುಗಳಲ್ಲಿ ಅತ್ಯಂತ ಗಂಭೀರವಾದ ಕೆಲವು, ಹಿಂದೆ ಕೈಬರಹದಲ್ಲಿ ಆಗುತ್ತಿದ್ದ ಬಗೆಯವೇ ಆಗಿರಲಿಲ್ಲ. ಡಯಾಮಾರ್ಫಿನ್ ಎಂಬ ನೋವುನಿವಾರಕವನ್ನು ಒಟ್ಟು 7 ಮಿಲಿಗ್ರಾಂ ಕೊಡಬೇಕಿದ್ದ ಕಡೆ, ಪರದೆಯ ಮೇಲಿನ ಪಟ್ಟಿಯಲ್ಲಿ ತಪ್ಪು ಸಾಲು ಆರಿಸಿದ್ದರಿಂದ, ಪ್ರತಿ ಕಿಲೋ ತೂಕಕ್ಕೆ 7 ಮಿಲಿಗ್ರಾಂ ಎಂದು ದಾಖಲಾಗಿತ್ತು. ಕೈಯಲ್ಲಿ ಬರೆಯುವ ಯಾವ ವೈದ್ಯರೂ ಅಂಥ ಆದೇಶವನ್ನು ಬರೆಯುವುದಿಲ್ಲ, ಏಕೆಂದರೆ ಬರೆಯುವಾಗ ಕೈಯ ಜೊತೆ ತಲೆಯೂ ಓಡುತ್ತಿರುತ್ತದೆ. ಪಟ್ಟಿಯಿಂದ ಆರಿಸುವಾಗ ಬೆರಳು ಒಂದು ಸಾಲು ಕೆಳಗೆ ಜಾರಿದರೂ ಪರದೆ ಅಚ್ಚುಕಟ್ಟಾದ, ಸಂಶಯಕ್ಕೆ ಎಡೆಯಿಲ್ಲದ ಅಕ್ಷರಗಳಲ್ಲೇ ಅದನ್ನು ತೋರಿಸುತ್ತದೆ. ಕೆಟ್ಟ ಕೈಬರಹ ಓದುವವರಲ್ಲಿ ಅನುಮಾನವನ್ನಾದರೂ ಹುಟ್ಟಿಸುತ್ತದೆ, ಮುದ್ರಿತ ತಪ್ಪು ನಂಬಿಕೆಯನ್ನು ಹುಟ್ಟಿಸುತ್ತದೆ. ಆ ಆದೇಶ ರೋಗಿಯವರೆಗೆ ಹೋಗದಂತೆ ತಡೆದವರು ಮನುಷ್ಯರು. ಆ ಐಸಿಯುವಿನಲ್ಲಿ ಪ್ರತಿ ಆದೇಶವನ್ನೂ ನೋಡುವ ಫಾರ್ಮಸಿಸ್ಟರು ಇದ್ದರು, ಮೇಲಿನ ಅಂಕಿ ಅಂಶಗಳನ್ನು ಕಲೆಹಾಕಿದವರೂ ಅವರೇ. ನಮ್ಮ ಎಷ್ಟು ಐಸಿಯುಗಳಲ್ಲಿ ಅಂಥವರೊಬ್ಬರು ಇದ್ದಾರೆ?

ಅವಸರದಲ್ಲಿ ಕಂಪ್ಯೂಟರ್ ತಂದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯ ಅನುಭವವನ್ನು ಆಡಳಿತಗಾರರು ಓದಲೇಬೇಕು. 2002ರ ಅಕ್ಟೋಬರ್‌ನಲ್ಲಿ ಆರೇ ದಿನಗಳಲ್ಲಿ ಇಡೀ ಆಸ್ಪತ್ರೆಗೆ ಹೊಸ ವ್ಯವಸ್ಥೆಯನ್ನು ಜಾರಿಗೊಳಿಸಲಾಯಿತು. ಬೇರೆ ಆಸ್ಪತ್ರೆಗಳಿಂದ ವಿಶೇಷ ಚಿಕಿತ್ಸೆಗೆಂದು ಅಲ್ಲಿಗೆ ಕರೆತಂದ ಮಕ್ಕಳಲ್ಲಿ, ಹಿಂದೆ ಶೇ 2.80ರಷ್ಟಿದ್ದ ಸಾವಿನ ಪ್ರಮಾಣ ಆನಂತರದ ಐದು ತಿಂಗಳಲ್ಲಿ ಶೇ 6.57ಕ್ಕೆ ಏರಿತೆಂದು ಅಲ್ಲಿನ ವೈದ್ಯರೇ 2005ರಲ್ಲಿ ಪ್ರಕಟಿಸಿದರು. ಸಾಫ್ಟ್‌ವೇರ್ ಔಷಧವನ್ನು ತಪ್ಪಾಗಿ ಲೆಕ್ಕ ಹಾಕಿತೆಂದು ಅವರು ಹೇಳಲಿಲ್ಲ. ಮೊದಲಾದರೆ ಮಗು ಇನ್ನೂ ಆಂಬುಲೆನ್ಸಿನಲ್ಲಿರುವಾಗಲೇ ಬೇಕಾದ ಔಷಧಗಳನ್ನು ಬರೆದು ತಯಾರಿಟ್ಟುಕೊಳ್ಳುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು, ನೋಂದಣಿ ಮುಗಿಯುವ ತನಕ ಒಂದು ಆದೇಶವನ್ನೂ ಹಾಕಲು ಬರುತ್ತಿರಲಿಲ್ಲ. ಐಸಿಯುವಿನಲ್ಲೇ ಕೈಗೆಟುಕುವಂತೆ ಇರುತ್ತಿದ್ದ ತುರ್ತು ಔಷಧಗಳು ಕೇಂದ್ರ ಔಷಧಾಲಯಕ್ಕೆ ಹೋಗಿದ್ದವು. ಹಾಸಿಗೆಯ ಬಳಿ ನಿಲ್ಲಬೇಕಿದ್ದವರು ಪರದೆಯ ಮುಂದೆ ಕೂರಬೇಕಾಯಿತು. ಮುಂದೆ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯವರು ಐಸಿಯು ಸಿಬ್ಬಂದಿಯನ್ನೇ ಕೂರಿಸಿಕೊಂಡು ಆದೇಶ ಪಟ್ಟಿಗಳನ್ನು ಮೊದಲೇ ಸಿದ್ಧಪಡಿಸಿ ಇಂಥದೇ ವ್ಯವಸ್ಥೆ ತಂದಾಗ ಸಾವಿನ ಪ್ರಮಾಣ ಏರಲಿಲ್ಲ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಪಿಟ್ಸ್‌ಬರ್ಗಿನ ಕಥೆಯನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಹೊಸನಗರ, ಸಾಗರ, ಸೊರಬ, ತೀರ್ಥಹಳ್ಳಿಗಳಿಂದ ಶಿವಮೊಗ್ಗಕ್ಕೆ ರೆಫರ್ ಆಗಿ ಬರುವ ರೋಗಿಗಳು. ನಗರ, ನಿಟ್ಟೂರು, ಆಗುಂಬೆಯ ಕಡೆಯಿಂದ 108 ಆಂಬುಲೆನ್ಸಿನಲ್ಲಿ ಮಳೆಯ ರಸ್ತೆ ದಾಟಿ ಬಂದವರಿಗೆ ಐಸಿಯು ಬಾಗಿಲಲ್ಲಿ ಸಿಗಬೇಕಾದದ್ದು ಔಷಧ. ಆಧಾರ್ ಸಂಖ್ಯೆ, ಆಭಾ ಎಂಬ ಆರೋಗ್ಯ ಖಾತೆಯ ಸಂಖ್ಯೆ, ಆಯುಷ್ಮಾನ್ ಕಾರ್ಡಿನ ವಿವರ ತುಂಬುವ ತನಕ ಪರದೆ ತೆರೆದುಕೊಳ್ಳುವುದಿಲ್ಲ ಎನ್ನುವ ವ್ಯವಸ್ಥೆಯನ್ನು ಯಾರಾದರೂ ತಂದರೆ ಅದರ ಬೆಲೆಯನ್ನು ತೆರುವವರು ಈ ದೂರದ ಊರುಗಳ ಜನ. ರೋಗಿ ದಾರಿಯಲ್ಲಿರುವಾಗಲೇ ತಾತ್ಕಾಲಿಕ ಸಂಖ್ಯೆಯೊಂದನ್ನು ಕೊಟ್ಟು ಆದೇಶಗಳನ್ನು ಬರೆದಿಡಲು ಅವಕಾಶವಿರಬೇಕು ಎಂಬುದನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಬೇಕು.

ಔಷಧ ಪಟ್ಟಿ ಇಲ್ಲಿಯವರ ಕೈಯಿಂದಲೇ ಆಗಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಬಲವಾದ ಕಾರಣವಿದೆ. ಭತ್ತ, ಶುಂಠಿ, ಅಡಿಕೆ ಬೆಳೆಯುವ ನಮ್ಮ ನಾಡಿನಲ್ಲಿ ಕೀಟನಾಶಕ ಸೇವಿಸಿ ಬರುವವರು ಐಸಿಯುಗೆ ಹೊಸಬರಲ್ಲ. ಆರ್ಗನೋಫಾಸ್ಫರಸ್ ಬಗೆಯ ಕೀಟನಾಶಕ ಸೇವಿಸಿದವರಿಗೆ ಅದರ ಪ್ರತಿಮದ್ದಾದ ಅಟ್ರೋಪಿನ್ ಕೊಡುವ ಕ್ರಮವನ್ನು ಒಮ್ಮೆ ಗಮನಿಸಿ. ಬೇರೆ ರೋಗಿಗಳಲ್ಲಿ ಅಟ್ರೋಪಿನ್ ಎಂದರೆ 0.6 ಮಿಲಿಗ್ರಾಮಿನ ಒಂದು ಆಂಪೂಲ್, ಬಹಳವಾದರೆ ಎರಡು. ವಿಷದ ರೋಗಿಗೆ ಮೊದಲ ಏಟಿಗೇ ಮೂರರಿಂದ ಐದು ಆಂಪೂಲ್ ಒಡೆಯುತ್ತೇವೆ. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸುತ್ತಾರೆ. ಶ್ವಾಸಕೋಶದಲ್ಲಿ ಗೊರಗೊರ ಶಬ್ದ ಇನ್ನೂ ಇದ್ದರೆ ಮೊದಲಿನದರ ಎರಡರಷ್ಟು, ಮತ್ತೆ ಐದು ನಿಮಿಷಕ್ಕೆ ಅದರ ಎರಡರಷ್ಟು. ಹೀಗೆ ಎದೆ ತಿಳಿಯಾಗಿ, ನಾಡಿ ಏರಿ, ರಕ್ತದೊತ್ತಡ ನಿಲ್ಲುವವರೆಗೆ ಟ್ರೇ ತುಂಬ ಖಾಲಿ ಆಂಪೂಲುಗಳು ಬೀಳುತ್ತಲೇ ಇರುತ್ತವೆ. ಆಮೇಲೆ ಒಟ್ಟು ಹಿಡಿದ ಪ್ರಮಾಣದ ಹತ್ತು ಇಪ್ಪತ್ತು ಶೇಕಡಾದಷ್ಟನ್ನು ಪ್ರತಿ ಗಂಟೆಗೆ ಪಂಪಿನಲ್ಲಿ ಬಿಡುತ್ತಾರೆ. ಬೇರೆಲ್ಲೋ, ಇಂಥ ರೋಗಿಗಳನ್ನೇ ಕಾಣದ ಊರಿನಲ್ಲಿ ತಯಾರಾದ ಸಾಫ್ಟ್‌ವೇರ್ ಇದರ ಪ್ರತಿ ಹೆಜ್ಜೆಯಲ್ಲೂ 'ಗರಿಷ್ಠ ಪ್ರಮಾಣ ಮೀರಿದೆ' ಎಂಬ ಕೆಂಪು ಎಚ್ಚರಿಕೆಯನ್ನು ಎಸೆಯುತ್ತದೆ, ಕೆಲವು ಮುಂದೆ ಹೋಗಲೂ ಬಿಡುವುದಿಲ್ಲ. ಜೀವ ಉಳಿಸುವ ಹೊತ್ತಿನಲ್ಲಿ ಹೀಗೆ ಅಡ್ಡ ಬಂದ ಎಚ್ಚರಿಕೆಯನ್ನು ತಳ್ಳಿಹಾಕಿ ಅಭ್ಯಾಸವಾದ ಬೆರಳು, ನಾಳೆ ಪಕ್ಕದ ಹಾಸಿಗೆಯ ರೋಗಿಗೆ ನಿಜವಾಗಿ ಬೇಕಿದ್ದ ಎಚ್ಚರಿಕೆಯನ್ನೂ ಓದದೆ ತಳ್ಳಿಹಾಕುತ್ತದೆ. ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ 49ರಿಂದ 96ರವರೆಗೆ ವೈದ್ಯರು ಹಾಗೆ ದಾಟಿಹೋಗುತ್ತಾರೆಂದು ಈ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು 2006ರಲ್ಲಿ ಬರೆದಿದ್ದಾರೆ.

ಹಾವು ಕಡಿತದ ವಿಷಯವೂ ಹಾಗೆಯೇ. ಮಕ್ಕಳ ಔಷಧವನ್ನೆಲ್ಲ ತೂಕದ ಲೆಕ್ಕದಲ್ಲಿ ಇಳಿಸುವುದು ಸಾಮಾನ್ಯ ನಿಯಮ. ಆದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನು ಮಗುವೆಂದು ಕಡಿಮೆ ಮಾಡುವಂತಿಲ್ಲ. ಹಾವು ಮಗುವಿನ ಮೈಗೂ ದೊಡ್ಡವರ ಮೈಗೂ ಅಷ್ಟೇ ವಿಷ ಬಿಟ್ಟಿರುತ್ತದೆ, ಆದ್ದರಿಂದ ಮೊದಲ ಪ್ರಮಾಣ ಇಬ್ಬರಿಗೂ ಎಂಟರಿಂದ ಹತ್ತು ವಯಲ್. ತೂಕ ಕೇಳಿ ತಾನೇ ಭಾಗಿಸುವ ಯಂತ್ರಕ್ಕೆ ಈ ಅಪವಾದವನ್ನು ಯಾರಾದರೂ ಹೇಳಿಕೊಟ್ಟಿರಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಇಂದಿಗೂ ಬೇಸಿಗೆ ಬಂತೆಂದರೆ ಕಾಡಂಚಿನ ಊರುಗಳಿಗೆ ಅದರದೇ ಭಯ. ಆ ರೋಗಿಗಳ ರಕ್ತದ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವ ಸಂಭವ ಇರುವುದರಿಂದ ಡೈಕ್ಲೋಫಿನ್ಯಾಕ್, ಆಸ್ಪಿರಿನ್ ಬಗೆಯ ಔಷಧಗಳನ್ನು ಕೊಡಬಾರದು. ಜ್ವರ, ಮೈಕೈನೋವು ಎಂದೊಡನೆ ಸಿದ್ಧ ಪಟ್ಟಿಯಿಂದ ಡೈಕ್ಲೋಫಿನ್ಯಾಕ್ ಇಂಜೆಕ್ಷನ್ ತಾನಾಗಿ ಮೇಲೆದ್ದು ಬರುವ ವ್ಯವಸ್ಥೆ ಬೇರೆ ಊರಿಗೆ ಅನುಕೂಲವಾದೀತು, ನಮಗೆ ಆಗದು. ಇಂಥ ಎಚ್ಚರಿಕೆಗಳು ನಾಲ್ಕೇ ಇರಲಿ, ಆದರೆ ಅವು ನಮ್ಮ ರೋಗಿಗಳಿಗೆ ಬೇಕಾದ ನಾಲ್ಕಾಗಿರಲಿ.

ತೂಕದ ಮಾತು ಬಂದದ್ದರಿಂದ ಒಂದು ಸಣ್ಣ ಸಂಗತಿ. ಪ್ರಜ್ಞೆ ತಪ್ಪಿ ಬಂದವರನ್ನು ತೂಗುವ ಮಂಚ ನಮ್ಮ ಬಹುತೇಕ ಐಸಿಯುಗಳಲ್ಲಿ ಇಲ್ಲ. ನೋಡಿ ಅಂದಾಜು ಮಾಡುತ್ತಾರೆ. ಕಾಗದದಲ್ಲಿ ಅದನ್ನು 'ಸುಮಾರು 50 ಕೆ.ಜಿ.' ಎಂದು ಬರೆಯುತ್ತಿದ್ದೆವು, ಆ 'ಸುಮಾರು' ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕಂಪ್ಯೂಟರಿನ ಚೌಕದಲ್ಲಿ ಅಂಕಿಯನ್ನು ಮಾತ್ರ ತುಂಬಬಹುದು. ತುಂಬದೆ ಮುಂದೆ ಹೋಗದಿದ್ದರೆ ಯಾರೋ ಒಬ್ಬರು 60 ಎಂದು ಒತ್ತಿ ಮುಂದೆ ಸಾಗುತ್ತಾರೆ. ಅಲ್ಲಿಂದಾಚೆ ಎಲ್ಲ ಲೆಕ್ಕವೂ ದಶಾಂಶ ಬಿಂದುವಿನವರೆಗೆ ಕರಾರುವಾಕ್ಕಾಗಿಯೇ ಇರುತ್ತದೆ, ಬುಡವೇ ಊಹೆಯಾಗಿರುತ್ತದೆ. ಹೆಸರಿನದೂ ಇದೇ ಪಾಡು. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜಪ್ಪ, ಮೂವರು ನಾಗರಾಜ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಹಾಸಿಗೆಯ ತಲೆಗಡೆ ನಿಂತು ಬರೆಯುವಾಗ ಮುಖ ಎದುರಿಗಿರುತ್ತದೆ, ದೂರದ ಮೇಜಿನಲ್ಲಿ ಕೂತು ಪಟ್ಟಿಯಿಂದ ಹೆಸರು ಆರಿಸುವಾಗ ಇರುವುದಿಲ್ಲ. ತಂದೆಯ ಹೆಸರು, ಊರು, ಸಾಧ್ಯವಾದರೆ ಫೋಟೋ ಪರದೆಯ ಮೇಲೆ ದೊಡ್ಡದಾಗಿ ಕಾಣಬೇಕು, ಹಾಸಿಗೆಯ ಬಳಿಗೇ ಒಯ್ಯಬಹುದಾದ ಟ್ಯಾಬ್ ಇರಬೇಕು.

ವೈದ್ಯರ ಆದೇಶ ಸರಿಯಾಗಿಯೇ ಇದ್ದರೂ ಅದು ರೋಗಿಯ ರಕ್ತನಾಳವನ್ನು ಮುಟ್ಟುವ ಮುನ್ನ ಇನ್ನೂ ಹಲವು ಕೈಗಳನ್ನು ದಾಟಬೇಕು. ಇನ್ಸುಲಿನ್ ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ವಯಲಿನಲ್ಲೂ 100 ಯೂನಿಟ್ ಇರುವ ವಯಲಿನಲ್ಲೂ ಸಿಗುತ್ತದೆ, ಅವಕ್ಕೆ ತಕ್ಕಂತೆ ಕೆಂಪು ಮುಚ್ಚಳದ ಮತ್ತು ಕಿತ್ತಳೆ ಮುಚ್ಚಳದ ಬೇರೆ ಬೇರೆ ಸಿರಿಂಜುಗಳಿವೆ. 100ರ ವಯಲಿನಿಂದ 40ರ ಸಿರಿಂಜಿಗೆ ಹತ್ತರ ಗುರುತಿನವರೆಗೆ ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಪರದೆಯಲ್ಲಿ ಮಾತ್ರ '10 ಯೂನಿಟ್ ಕೊಡಲಾಗಿದೆ' ಎಂದು ಹಸಿರು ಗುರುತು ಬೀಳುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನ 10 ಮಿಲಿಲೀಟರಿನ ಒಂದು ಆಂಪೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ ಇದೆ, ಸಲೈನಿನಲ್ಲಿ ಬೆರೆಸದೆ ನೇರವಾಗಿ ಕೊಟ್ಟರೆ ಹೃದಯವೇ ನಿಲ್ಲುತ್ತದೆ. ನೋಡಲು ಅದು ಡಿಸ್ಟಿಲ್ಡ್ ವಾಟರಿನಂತೆಯೇ ತಿಳಿ. ಅದನ್ನು ಬೇರೆ ಕಪಾಟಿನಲ್ಲಿ ಬೀಗ ಹಾಕಿ ಇಡುವ ಕೆಲಸಕ್ಕೆ ಕಂಪ್ಯೂಟರ್ ಬರುವ ತನಕ ಕಾಯಬೇಕಾಗಿಲ್ಲ, ಇಂದೇ ಮಾಡಬಹುದು. ಔಷಧ ಕೊಡುವ ಮುನ್ನ ರೋಗಿಯ ಕೈಪಟ್ಟಿ ಮತ್ತು ಔಷಧ ಎರಡರ ಬಾರ್‌ಕೋಡನ್ನೂ ಓದುವ ಪದ್ಧತಿಯಿಂದ, ವೇಳೆಯ ವ್ಯತ್ಯಾಸಗಳನ್ನು ಬಿಟ್ಟು ಉಳಿದ ತಪ್ಪುಗಳು ಶೇ 41ರಷ್ಟು ಇಳಿದದ್ದನ್ನು ಮೇಲೆ ಹೇಳಿದ ಬಾಸ್ಟನ್ನಿನ ಆಸ್ಪತ್ರೆಯೇ 2010ರಲ್ಲಿ ತೋರಿಸಿದೆ. ಹಣವಿದ್ದಾಗ ಅದೂ ಬರಲಿ.

ಫಾರ್ಮಸಿಸ್ಟರ ಮಾತಿಗೆ ಬರುತ್ತೇನೆ. ಫಾರ್ಮಸಿಸ್ಟ್ ಎಂದರೆ ಕಿಟಕಿಯ ಹಿಂದೆ ನಿಂತು ಮಾತ್ರೆ ಎಣಿಸಿ ಕೊಡುವವರು ಎಂಬ ಕಲ್ಪನೆ ನಮ್ಮಲ್ಲಿ ಆಳವಾಗಿ ಬೇರೂರಿದೆ, ಆಸ್ಪತ್ರೆಗಳ ಹುದ್ದೆ ಮಂಜೂರಾತಿಯೂ ಅದೇ ಕಲ್ಪನೆಯ ಮೇಲೆ ನಡೆದಿದೆ. ಬೆಳಗಿನ ರೌಂಡ್ಸಿನಲ್ಲಿ ವೈದ್ಯರ ಜೊತೆ ನಿಂತು, ಈ ರೋಗಿಯ ಕ್ರಿಯಾಟಿನಿನ್ ಏರಿದೆ, ಮೂತ್ರಪಿಂಡ ಸೋಲುತ್ತಿದೆ, ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಮುಂದಿನ ಡೋಸ್ ತಡೆಯೋಣ, ಈ ಎರಡು ಔಷಧಗಳನ್ನು ಒಂದೇ ಲೈನಿನಲ್ಲಿ ಬಿಟ್ಟರೆ ಗರಣೆ ಕಟ್ಟುತ್ತದೆ, ಐದು ದಿನಕ್ಕೆಂದು ಆರಂಭಿಸಿದ ಆ್ಯಂಟಿಬಯಾಟಿಕ್ ಎಂಟನೇ ದಿನವೂ ನಡೆಯುತ್ತಿದೆ ಎಂದು ಹೇಳಬಲ್ಲ ಫಾರ್ಮಸಿಸ್ಟರು ಐಸಿಯುವಿನಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಬಾಸ್ಟನ್ನಿನದೇ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 1999ರಲ್ಲಿ ಪ್ರಕಟಿಸಿದ್ದಾರೆ. ಔಷಧ ಆದೇಶದ ತಪ್ಪಿನಿಂದ ರೋಗಿಗೆ ಆಗುತ್ತಿದ್ದ, ತಡೆಯಬಹುದಾದ ಹಾನಿಗಳು ಸಾವಿರ ರೋಗಿ-ದಿನಗಳಿಗೆ (ಒಬ್ಬ ರೋಗಿ ಐಸಿಯುವಿನಲ್ಲಿ ಕಳೆದ ಒಂದು ದಿನ ಒಂದು ರೋಗಿ-ದಿನ) 10.4ರಿಂದ 3.5ಕ್ಕೆ ಇಳಿದವು. ಮೂರರಲ್ಲಿ ಎರಡು ಪಾಲು ಹಾನಿ ತಪ್ಪಿತು. ಕೋಟಿಗಳ ಸಾಫ್ಟ್‌ವೇರಿನಿಂದ ಬಂದ ಲಾಭಕ್ಕೆ ಇದು ಯಾವ ಬಗೆಯಲ್ಲೂ ಕಡಿಮೆಯಿಲ್ಲ, ಇದಕ್ಕೆ ಬೇಕಾದದ್ದು ಒಂದು ಸಂಬಳ ಮತ್ತು ರೌಂಡ್ಸಿನಲ್ಲಿ ನಿಂತು ಮಾತಾಡುವ ಅಧಿಕಾರ.

ಅಂಥವರು ಸಿಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ 2008ರಲ್ಲಿ ಆರಂಭವಾದ ಫಾರ್ಮ್-ಡಿ ಕೋರ್ಸು ಈ ಕೆಲಸಕ್ಕೆಂದೇ ಇರುವ ಆರು ವರ್ಷಗಳ ಓದು, ಅದರಲ್ಲಿ ಕಡೆಯ ಒಂದು ವರ್ಷ ಪೂರ್ತಿ ಆಸ್ಪತ್ರೆಯ ತರಬೇತಿ. ಕರ್ನಾಟಕದ ಅನೇಕ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಈ ಯುವಕ ಯುವತಿಯರಲ್ಲಿ ಎಷ್ಟೋ ಮಂದಿ ಆಸ್ಪತ್ರೆಗಳಲ್ಲಿ ಹುದ್ದೆಯಿಲ್ಲದೆ ಬೆಂಗಳೂರಿನ ಕಂಪನಿಗಳಲ್ಲಿ ಪರದೇಶದ ರೋಗಿಗಳ ಔಷಧ ಅಡ್ಡಪರಿಣಾಮಗಳ ಕಡತಗಳನ್ನು ತುಂಬುತ್ತಾ ಕೂತಿದ್ದಾರೆ. ನಮ್ಮ ಹಳ್ಳಿಯ ಮಗಳೊಬ್ಬಳು ಅಷ್ಟು ಓದಿ, ನಮ್ಮದೇ ರೋಗಿಗಳ ಹಾಸಿಗೆಯ ಬಳಿ ನಿಲ್ಲಲು ಜಾಗವಿಲ್ಲದೆ ಹೋಗುವುದು ನನಗೆ ನಿಜವಾಗಿ ಸಂಕಟದ ಸಂಗತಿ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಯಿಂದ ಹಿಡಿದು ಹತ್ತು ಹಾಸಿಗೆಯ ಖಾಸಗಿ ಐಸಿಯುವಿನವರೆಗೆ ಎಲ್ಲರೂ ಈ ಹುದ್ದೆಯ ಬಗ್ಗೆ ಯೋಚಿಸಬೇಕು. ಸಣ್ಣ ಆಸ್ಪತ್ರೆಗಳು ಎರಡೋ ಮೂರೋ ಸೇರಿ ಒಬ್ಬ ಫಾರ್ಮಸಿಸ್ಟರನ್ನು ಹಂಚಿಕೊಳ್ಳಲೂಬಹುದು.

ಮಳೆಗಾಲದ ಕರೆಂಟಿನ ಬಗ್ಗೆ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಸಿಡಿಲಿಗೆ ನೆಟ್‌ವರ್ಕ್ ಹೋಗುತ್ತದೆ, ಮರ ಬಿದ್ದು ತಂತಿ ಹರಿಯುತ್ತದೆ, ಜನರೇಟರ್ ವೆಂಟಿಲೇಟರುಗಳನ್ನು ಹಿಡಿದುಕೊಂಡರೂ ಸರ್ವರ್ ಕೂತುಬಿಡುತ್ತದೆ. ಆ ಕ್ಷಣದಲ್ಲಿ ಯಾರಿಗೆ ಯಾವ ಔಷಧ ಎಷ್ಟು ಹೊತ್ತಿಗೆ ಕೊಡಬೇಕೆಂಬುದು ಯಾರ ಕೈಯಲ್ಲೂ ಇರುವುದಿಲ್ಲ. ಪ್ರತಿ ಪಾಳಿಯ ಆರಂಭದಲ್ಲಿ ಎಲ್ಲ ಹಾಸಿಗೆಗಳ ಔಷಧ ಪಟ್ಟಿಯನ್ನು ಒಮ್ಮೆ ಮುದ್ರಿಸಿ ಇಡುವುದು, ಖಾಲಿ ಚಾರ್ಟುಗಳ ಕಟ್ಟು ಸದಾ ಕೈಗೆಟುಕುವಂತೆ ಇರುವುದು, ಕರೆಂಟ್ ಬಂದ ಮೇಲೆ ಕಾಗದದ ದಾಖಲೆಯನ್ನು ಯಾರು ಕಂಪ್ಯೂಟರಿಗೆ ಏರಿಸಬೇಕೆಂದು ಹೆಸರು ಹಿಡಿದು ನಿಗದಿ ಮಾಡುವುದು ಅಗತ್ಯ. ಎರಡೂ ಕಡೆ ಅರ್ಧರ್ಧ ದಾಖಲೆ ಇದ್ದಾಗಲೇ ಒಂದು ಡೋಸ್ ಎರಡು ಸಲ ಹೋಗುವುದು.

ತಪ್ಪು ನಡೆದಾಗ ನಾವು ಏನು ಮಾಡುತ್ತೇವೆ ಎಂಬುದು ಇಷ್ಟೇ ಮುಖ್ಯ. 2017ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಆಸ್ಪತ್ರೆಯೊಂದರಲ್ಲಿ, ಐಸಿಯುವಿನಿಂದ ಸ್ಕ್ಯಾನಿಂಗಿಗೆ ಕಳಿಸಿದ್ದ ರೋಗಿಯ ಆತಂಕ ಇಳಿಸಲು ಮಿಡಜೋಲಮ್ ಕೊಡಬೇಕಿತ್ತು. ಕಂಪ್ಯೂಟರ್ ನಿಯಂತ್ರಿತ ಔಷಧ ಕಪಾಟಿನಲ್ಲಿ ನರ್ಸ್ ಅದರ ಬ್ರ್ಯಾಂಡ್ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು. ಹೊರಬಂದದ್ದು ಅದೇ ಅಕ್ಷರಗಳಿಂದ ಶುರುವಾಗುವ ವೆಕುರೋನಿಯಂ, ಉಸಿರಾಟದ ಸ್ನಾಯುಗಳನ್ನೇ ನಿಶ್ಚಲಗೊಳಿಸುವ ಔಷಧ. ರೋಗಿ ಉಳಿಯಲಿಲ್ಲ. 2022ರಲ್ಲಿ ನರ್ಸ್ ಅಪರಾಧಿ ಎಂದು ತೀರ್ಪಾಯಿತು. ಅವರು ಎಚ್ಚರಿಕೆಗಳನ್ನು ಗಮನಿಸಲಿಲ್ಲ ಎಂಬುದು ನಿಜ. ಆದರೆ ಕಪಾಟಿನ ತಡೆಯನ್ನು ದಾಟಿ ಔಷಧ ತೆಗೆಯುವುದು ಅಲ್ಲಿ ದಿನನಿತ್ಯದ ರೂಢಿಯಾಗಿತ್ತು ಎಂಬ ಮಾತೂ ವಿಚಾರಣೆಯಲ್ಲಿ ಬಂತು. ಆ ರೂಢಿಯ ಭಾರವನ್ನೆಲ್ಲ ಒಬ್ಬರ ತಲೆಗೆ ಕಟ್ಟಿದರೆ ಉಳಿದವರು ಕಲಿಯುವುದು ತಪ್ಪನ್ನು ಮುಚ್ಚಿಡುವುದನ್ನು ಮಾತ್ರ. ನಮ್ಮಲ್ಲೂ ಮೆಮೊ, ಸಂಬಳ ಕಡಿತ, ರೋಗಿಯ ಕಡೆಯವರ ಮುಂದೆ ಬೈಗುಳ, ಇವೇ ಪದ್ಧತಿ. ಮೇಲೆ ಹೇಳಿದ 27 ದೇಶಗಳ ಅಧ್ಯಯನದಲ್ಲಿ, ತಪ್ಪುಗಳನ್ನು ವರದಿ ಮಾಡುವ ವ್ಯವಸ್ಥೆ ಇದ್ದ ಮತ್ತು ಪಾಳಿ ಬದಲಾಗುವಾಗ ಔಷಧಗಳನ್ನು ಕ್ರಮವಾಗಿ ಪರಿಶೀಲಿಸುವ ರೂಢಿ ಇದ್ದ ಐಸಿಯುಗಳಲ್ಲಿ ತಪ್ಪಿನ ಸಂಭವ ಕಡಿಮೆಯಿತ್ತು. ಹೆಸರು ಕೇಳದೆ ತಪ್ಪನ್ನು ಬರೆದುಕೊಳ್ಳುವ ಒಂದು ಪುಸ್ತಕ ಪ್ರತಿ ಐಸಿಯುವಿನಲ್ಲೂ ಇರಲಿ. ರೋಗಿಗೆ ತಲುಪುವ ಮುನ್ನ ತಪ್ಪನ್ನು ಹಿಡಿದ ಸಿಸ್ಟರನ್ನು ಎಲ್ಲರೆದುರು ಮೆಚ್ಚುವ ಅಭ್ಯಾಸ ಬೆಳೆಯಲಿ. ಔಷಧದ ಅಡ್ಡಪರಿಣಾಮವನ್ನು ಸಾರ್ವಜನಿಕರೂ ನೇರವಾಗಿ ತಿಳಿಸಲು ಭಾರತೀಯ ಫಾರ್ಮಾಕೊವಿಜಿಲೆನ್ಸ್ ಕಾರ್ಯಕ್ರಮದ 1800-180-3024 ಎಂಬ ಉಚಿತ ಸಂಖ್ಯೆ ಇದೆ, ಅದನ್ನು ಐಸಿಯು ಹೊರಗಿನ ಕಾಯುವ ಬೆಂಚುಗಳ ಎದುರು ಕನ್ನಡದಲ್ಲಿ ಬರೆದು ಹಾಕಲಿ.

ಕಡೆಯದಾಗಿ ಜಿಲ್ಲಾಡಳಿತಕ್ಕೂ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಿಗೂ ನನ್ನದೊಂದು ಸ್ಪಷ್ಟ ಬೇಡಿಕೆ. ಎಲ್ಲ ವಾರ್ಡುಗಳಿಗೂ ಒಮ್ಮೆಲೇ ಈ ವ್ಯವಸ್ಥೆಯನ್ನು ಹೇರಬೇಡಿ. ಮೊದಲು ಒಂದೇ ಐಸಿಯುವನ್ನು ಆರಿಸಿಕೊಂಡು, ಅಲ್ಲಿಗೆ ಒಬ್ಬ ಕ್ಲಿನಿಕಲ್ ಫಾರ್ಮಸಿಸ್ಟರನ್ನು ನೇಮಿಸಿ, ಈಗಿನ ಕಾಗದದ ಚಾರ್ಟುಗಳಲ್ಲಿ ಎಂಥ ತಪ್ಪುಗಳು ಎಷ್ಟು ಆಗುತ್ತಿವೆ ಎಂಬುದನ್ನು ಅವರಿಂದಲೇ ಮೂರು ತಿಂಗಳು ಎಣಿಸಿ ದಾಖಲಿಸಿ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ವೈದ್ಯರು, ಶುಶ್ರೂಷಾಧಿಕಾರಿಗಳು, ಫಾರ್ಮಸಿಸ್ಟರು ಒಟ್ಟಿಗೆ ಕೂತು ಔಷಧ ಪಟ್ಟಿಯನ್ನೂ ಎಚ್ಚರಿಕೆಗಳನ್ನೂ ಸಿದ್ಧಪಡಿಸಿದ ಮೇಲಷ್ಟೇ ಕಂಪ್ಯೂಟರನ್ನು ಚಾಲೂ ಮಾಡಿ, ಮಳೆಗಾಲವೂ ಸೇರುವಂತೆ ಆರು ತಿಂಗಳು ನಡೆಸಿ ಮತ್ತೆ ಎಣಿಸಿ, ಎರಡೂ ಲೆಕ್ಕಗಳನ್ನು ಪತ್ರಿಕೆಗಳಿಗೆ ಕೊಡಿ.

ಇತಿ,
ನಿವೃತ್ತ ಶುಶ್ರೂಷಾಧಿಕಾರಿ,
ತೀರ್ಥಹಳ್ಳಿ